ಇಂಗ್ಲಿಷ್ ಪದಶೋಧ: ಅಕ್ಷರ ಎಣಿಕೆಯ ತೊಡಕು

'ಕ್ಯೂ' ಇರುವ ಐದಕ್ಷರದ ಇಂಗ್ಲಿಷ್ ಪದವೊಂದನ್ನು ಹುಡುಕಲು ಹೇಳಿದಾಗ, ಕನ್ನಡ ಮಾಧ್ಯಮದ ಮಗುವು 'ಕ್ವೀನ್' ಎಂಬುದನ್ನು ನೆನೆದರೂ ಅದು ಎರಡೇ ಅಕ್ಷರವೆಂದು ಕೈಬಿಡುವುದುಂಟು. ಇದು ದಡ್ಡತನವಲ್ಲ. ಕನ್ನಡದ ಪದಬಂಧದಲ್ಲಿ 'ಕ್ವೀ' ಒಂದು ಮನೆ, 'ನ್' ಇನ್ನೊಂದು. ಒತ್ತೂ ಸ್ವರವೂ ಒಂದೇ ಅಕ್ಷರದೊಳಗೆ ಅಡಗುತ್ತವೆ. ಇಂಗ್ಲಿಷಿನಲ್ಲಾದರೋ ಕ್ಯೂ, ಯು, ಇ, ಇ, ಎನ್ ಎಂದು ಐದು ಮನೆಗಳು ಬೇಕು. ಒಂದೇ ದೀರ್ಘಸ್ವರಕ್ಕೆ ಅಲ್ಲಿ ಎರಡು ಮನೆ!

ಆದುದರಿಂದ ಶಿಕ್ಷಕರು ಮೊದಲು ಹಲಗೆಯ ಮೇಲೆ ಐದು ಖಾಲಿ ಮನೆಗಳನ್ನು ಬರೆಯಬೇಕು. ಇಂಗ್ಲಿಷಿನ ಬಳಕೆಯ ಪದಗಳಲ್ಲಿ ಕ್ಯೂವಿನ ಬೆನ್ನಿಗೇ ಯು ಬರುವುದರಿಂದ ಎರಡು ಮನೆಗಳು ಒಟ್ಟಿಗೆ ತುಂಬುತ್ತವೆ. ಹುಡುಕಾಟವು ಉಳಿದ ಮೂರಕ್ಕೆ ಮಾತ್ರ. ಈ ಜೋಡಿಯನ್ನು ಮೊದಲಲ್ಲಿಟ್ಟರೆ 'ಕ್ವಿಕ್', 'ಕ್ವೀನ್' ದೊರೆಯುತ್ತವೆ. ಒಂದು ಮನೆ ಮುಂದೆ ಸರಿಸಿದರೆ, ಗಣಿತದ ತರಗತಿಯಲ್ಲಿ ಕೇಳಿದ 'ಈಕ್ವಲ್'. 'ಕ್ವಯಟ್', 'ಕ್ವೈಟ್' ಎಂಬ ಪದಗಳಲ್ಲಿ ಐದು ಅಕ್ಷರಗಳೂ ಅವೇ. ಕೊನೆಯ ಎರಡು ಅದಲುಬದಲಾದೊಡನೆ 'ನಿಶ್ಶಬ್ದ'ವು 'ಸಾಕಷ್ಟು' ಆಗಿಬಿಡುತ್ತದೆ. ಕಿವಿಯಿಂದಷ್ಟೇ ಹುಡುಕುವ ಮಗುವಿಗೆ ಇದು ತಿಳಿಯದು, ಬರೆದೇ ನೋಡಬೇಕು.

ಮಗುವು ಮೊದಲು ಎಣಿಸಿದ ಎರಡನ್ನು ಅಳಿಸದೆ, ಅದರ ಕೆಳಗೇ ಐದು ಮನೆಗಳನ್ನು ಬರೆಯಿಸುವುದು ಲೇಸು.