ಕಾರಿಗೂ ಇಂಟರ್ನೆಟ್ ಬೇಕೆ? ದುಡ್ಡು ಕೊಡುವ ಮುನ್ನ ನೋಡಿಕೊಳ್ಳಿ

ಹೊಸ ಕಾರು ನೋಡಲು ಹೋದವರಿಗೆ ಷೋರೂಮಿನಲ್ಲಿ ಈಗ ಮೈಲೇಜಿಗಿಂತ ಮೊದಲು ತೋರಿಸುವುದು ಮೊಬೈಲ್ ಆ್ಯಪ್. ಮನೆಯಲ್ಲಿ ಕೂತೇ ಕಾರಿನ ಎ.ಸಿ. ಹಾಕಬಹುದು, ಕಾರು ಎಲ್ಲಿದೆ ಎಂದು ನೋಡಬಹುದು ಎನ್ನುತ್ತಾರೆ. ಇದಕ್ಕೆಂದೇ ಸಾಲದ ಕಂತು ಹೆಚ್ಚಿಸಿಕೊಂಡು ಮೇಲಿನ ವೇರಿಯಂಟ್ ತೆಗೆದುಕೊಂಡವರನ್ನು ನಾನು ಬಲ್ಲೆ. ಕೇಳಿದರೆ ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಮ್ಯಾಪ್ ಮತ್ತು ಹಾಡು. ಅವೆರಡಕ್ಕೂ ಕಾರಿನೊಳಗೆ ಇಂಟರ್ನೆಟ್ ಬೇಕಿಲ್ಲ.

2019ರಲ್ಲಿ ಎಂಜಿ ಹೆಕ್ಟರ್, ಹ್ಯುಂಡೈ ವೆನ್ಯೂ, ಕಿಯಾ ಸೆಲ್ಟೋಸ್ ಬಂದ ಮೇಲೆ ನಮ್ಮಲ್ಲಿ ಈ ಸೌಲಭ್ಯ ಮನೆಮಾತಾಯಿತು. ಕಾರಿನೊಳಗೇ ಕೂರಿಸಿದ ಇ-ಸಿಮ್ ಮೊಬೈಲ್ ಟವರ್ ಮೂಲಕ ಕಂಪನಿಯ ಸರ್ವರಿಗೆ ಮಾಹಿತಿ ಕಳಿಸುತ್ತದೆ. ಅಲ್ಲಿಂದ ಅದು ನಿಮ್ಮ ಆ್ಯಪಿಗೆ ಬರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಫೋನಿನಿಂದಲೇ ಕೆಲಸ ನಡೆಯುತ್ತದೆಯೇ ನೋಡಿ. ಟೆಸ್ಟ್ ಡ್ರೈವ್‌ಗೆ ಹೋದಾಗ ಕೆಳಗಿನ ವೇರಿಯಂಟಿನಲ್ಲಿ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಇದ್ದರೆ ನಿಮ್ಮ ಫೋನನ್ನೇ ಜೋಡಿಸಿ, ಮ್ಯಾಪ್ ಹಾಕಿಕೊಂಡು ಎರಡು ಕಿಲೋಮೀಟರ್ ಓಡಿಸಿ. ದೂರದ ಊರಿಗೆ ಹೊರಡುವ ಹಿಂದಿನ ರಾತ್ರಿ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಿಗ್ನಲ್ ಇಲ್ಲದಲ್ಲೂ ದಾರಿ ತಪ್ಪುವುದಿಲ್ಲ.

ಆಮೇಲೆ ಕಾರು ಯಾರ ಕೈಯಲ್ಲಿರುತ್ತದೆ ಎಂದು ಯೋಚಿಸಿ. ಡ್ರೈವರ್ ಇಟ್ಟುಕೊಂಡವರಿಗೆ, ಮಗ ಅಥವಾ ಮಗಳು ಈಗಷ್ಟೇ ಡ್ರೈವಿಂಗ್ ಕಲಿತ ಮನೆಯವರಿಗೆ, ರಸ್ತೆ ಬದಿಯಲ್ಲೇ ಕಾರು ನಿಲ್ಲಿಸುವವರಿಗೆ ಕಾರು ಎಲ್ಲಿದೆ ಎಂದು ತೋರಿಸುವ ಈ ಸೌಲಭ್ಯ ನಿಜವಾಗಿಯೂ ಉಪಯೋಗ. ಅಂಥವರು ಧಾರಾಳವಾಗಿ ತೆಗೆದುಕೊಳ್ಳಲಿ. ಆದರೆ ಒಳಗಿರುವುದು ಯಾವ ಕಂಪನಿಯ ಸಿಮ್ ಎಂದು ಕೇಳಿ. ಅದನ್ನು ನಿಮ್ಮಿಷ್ಟದಂತೆ ಬದಲಿಸಲಾಗದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಶಿರಾಡಿ, ಚಾರ್ಮಾಡಿ ಘಾಟಿಯ ಕೆಲವು ತಿರುವುಗಳಲ್ಲಿ ಆ ನೆಟ್‌ವರ್ಕ್ ಸಿಗದಿದ್ದರೆ ಆ್ಯಪ್ ಇದ್ದೂ ಇಲ್ಲದಂತೆ. ಉಚಿತ ಸೇವೆ ಎಷ್ಟು ವರ್ಷ, ಆಮೇಲೆ ವರ್ಷಕ್ಕೆಷ್ಟು ಎಂಬುದನ್ನು ಬರಹದಲ್ಲೇ ಪಡೆಯಿರಿ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ನಮ್ಮ ಭಾವ ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ನಾಲ್ಕು ತಿಂಗಳ ನಂತರ ಒಂದು ಭಾನುವಾರ ಸಕಲೇಶಪುರದಲ್ಲಿ ನಾವೆಲ್ಲ ಊಟಕ್ಕೆ ಕೂತಿದ್ದಾಗ ಅವರಿಗೆ ಫೋನ್ ಬಂತು. ಕಾರು ಮಾರಿದವರದು. ‘ಸಾರ್, ಸಕಲೇಶಪುರದಲ್ಲಿದ್ದೀರಾ? ಡ್ರೈವರ್ ಕಡೆ ಬಾಗಿಲು ಲಾಕ್ ಆಗಿಲ್ಲ ನೋಡಿ’ ಎಂದರು. ಭಾವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹೊರಗೆ ಹೋಗಿ ನೋಡಿದರೆ ಬಾಗಿಲು ನಿಜಕ್ಕೂ ತೆರೆದೇ ಇತ್ತು. ಆ ಮನುಷ್ಯ ಒಳ್ಳೆಯವರು, ಹೇಳಿದರು. ಕಾರು ಇನ್ನೂ ಅವರ ಆ್ಯಪಿನಲ್ಲೇ ಇತ್ತು, ಹೇಳದೆ ನೋಡುತ್ತಲೇ ಇರಬಹುದಿತ್ತು.

ಫಾರಂ 29, 30 ಕೊಟ್ಟು ಆರ್‌ಟಿಒದಲ್ಲಿ ಆರ್‌ಸಿ ನಿಮ್ಮ ಹೆಸರಿಗೆ ಬಂದರೂ ಆ್ಯಪಿನಲ್ಲಿ ಹೆಸರು ತಾನಾಗಿ ಬದಲಾಗುತ್ತದೆಂದು ನಂಬಬೇಡಿ. ಸ್ಕ್ರೀನನ್ನು ರೀಸೆಟ್ ಮಾಡಿದರೂ ಸಾಲದು, ಏಕೆಂದರೆ ಮಾಲೀಕನ ಹೆಸರು ಇರುವುದು ಕಂಪನಿಯ ಸರ್ವರಿನಲ್ಲಿ. ಐಬಿಎಂನ ಭದ್ರತಾ ತಜ್ಞ ಚಾರ್ಲ್ಸ್ ಹೆಂಡರ್ಸನ್ 2017ರಲ್ಲಿ ಇದನ್ನೇ ಬಹಿರಂಗವಾಗಿ ಹೇಳಿದ್ದರು: ರೀಸೆಟ್ ಮಾಡಿಯೇ ಮಾರಿದ್ದ ತಮ್ಮ ಹಳೆಯ ಕಾರು ವರ್ಷಗಳಾದರೂ ಅವರ ಆ್ಯಪಿನಲ್ಲಿ ಉಳಿದಿತ್ತು.

ಆದ್ದರಿಂದ ಹಳೆಯ ಕಾರು ಕೊಳ್ಳುವಾಗ ಕೊನೆಯ ಕಂತಿನ ಹಣ ಕೈಯಲ್ಲಿ ಇಟ್ಟುಕೊಂಡೇ ಮಾರುವವರಿಂದ ನಿಮ್ಮೆದುರೇ ಆ್ಯಪ್ ತೆರೆಸಿ, ಅದರಿಂದ ಕಾರನ್ನು ತೆಗೆಸಿಹಾಕಿ. ಸಂಕೋಚ ಬೇಡ. ನಂತರ ಸ್ಕ್ರೀನಿನ ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಕೊಡಿ. ಹಿಂದಿನವರ ಮನೆಯ ವಿಳಾಸ, ಫೋನ್ ನಂಬರುಗಳು ಅಲ್ಲಿರುತ್ತವೆ. ಆಮೇಲೆ ಚಾಸಿಸ್ ನಂಬರ್ ಹಾಕಿ ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ಆ್ಯಪ್ ಒಪ್ಪದಿದ್ದರೆ ಹೊಸ ಆರ್‌ಸಿ, ಗುರುತಿನ ಚೀಟಿ ಹಿಡಿದು ಸರ್ವೀಸ್ ಸೆಂಟರಿಗೆ ಹೋಗಿ, ಆಗುವವರೆಗೆ ಬಿಡಬೇಡಿ. ಮಾರುವವರಿಗೂ ಇದೇ ಮಾತು. ಹೊಸ ಕಾರಿನವರೂ ನಿಶ್ಚಿಂತರಾಗಬೇಡಿ: ಡೆಲಿವರಿ ದಿನ ಪೂಜೆ, ಫೋಟೊ ಗಡಿಬಿಡಿಯಲ್ಲಿ ಷೋರೂಮಿನ ಹುಡುಗ ತನ್ನದೇ ಇ-ಮೇಲ್ ಹಾಕಿ ನೋಂದಣಿ ಮುಗಿಸಿಬಿಟ್ಟಿರಬಹುದು. ಖಾತೆಯಲ್ಲಿರುವ ನಂಬರು, ಇ-ಮೇಲ್ ನಿಮ್ಮದೇ ಎಂದು ನೋಡಿ, ಪಾಸ್‌ವರ್ಡ್ ಬದಲಿಸಿಯೇ ಕಾರು ಹೊರಗೆ ತನ್ನಿ.

ಇಂಥ ಕಾರುಗಳಲ್ಲಿ ತುರ್ತು ಕರೆಗೆಂದು ಇರುವ ಎಸ್‌ಒಎಸ್ ಗುಂಡಿಯ ಬಗ್ಗೆ ಚುಟುಕಾಗಿ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಗಳಿಗೆ ಇ-ಕಾಲ್ ಕಡ್ಡಾಯ. ದೊಡ್ಡ ಅಪಘಾತವಾದರೆ ಕಾರೇ 112ಕ್ಕೆ ಕರೆ ಮಾಡುತ್ತದೆ. ನಮ್ಮಲ್ಲಿ ಗುಂಡಿ ಒತ್ತಿದರೆ ಕರೆ ಯಾರಿಗೆ ಹೋಗುತ್ತದೆ, ಚಂದಾ ಮುಗಿದ ಮೇಲೂ ಹೋಗುತ್ತದೆಯೇ ಎಂದು ಕೇಳಿಕೊಳ್ಳಿ. ಮನೆಮಂದಿಯ ಫೋನಿನಲ್ಲಿ 112 ಇರಲಿ. ಕೊನೆಯದಾಗಿ, ವಾರಗಟ್ಟಲೆ ಕಾರು ನಿಲ್ಲಿಸಿ ಹೋದರೂ ಈ ಇಂಟರ್ನೆಟ್ ವ್ಯವಸ್ಥೆ 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುತ್ತದೆ. ಆಗಾಗ ಯಾರಾದರೂ ಸ್ವಲ್ಪ ದೂರ ಓಡಿಸಿಕೊಂಡು ಬರುವಂತೆ ಹೇಳಿ ಹೋಗಿ.