ದೋಷದ ನೆಲೆ

ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ದ್ರಾಕ್ಷಿ ತೋಟಗಳು ಹೇರಳವಾಗಿವೆ. ಬೇಸಗೆಯಲ್ಲಿ ಬಳ್ಳಿಗಳಿಗೆ ನೀರು ಹರಿಯದೆ ಹೋದರೆ ಅನುಭವಿ ರೈತನು ಕೂಡಲೇ ಕೊಳವೆಬಾವಿಯ ಮೋಟಾರನ್ನು ಮೇಲಕ್ಕೆತ್ತಿಸುವುದಿಲ್ಲ. ಅದು ಬಹಳ ಖರ್ಚಿನ ಕೆಲಸ. ಮೊದಲು ವಿದ್ಯುತ್ತು ಬಂದಿದೆಯೇ ಎಂದು ನೋಡುತ್ತಾನೆ. ಬಳಿಕ ಫ್ಯೂಸು, ಸ್ಟಾರ್ಟರುಗಳನ್ನು ಪರೀಕ್ಷಿಸುತ್ತಾನೆ. ಒಂದೇ ಸಾಲಿನ ಬಳ್ಳಿಗಳು ಬಾಡಿದ್ದರೆ ಮೋಟಾರು ಸರಿಯಾಗಿದೆಯೆಂದೂ, ಆ ಸಾಲಿನ ಪೈಪಿನಲ್ಲಿಯೇ ಕಸ ಕಟ್ಟಿರಬೇಕೆಂದೂ ತರ್ಕಿಸುತ್ತಾನೆ. ಹೀಗೆ ದೋಷದ ನೆಲೆಯನ್ನು ಹಂತಹಂತವಾಗಿ ಕಂಡುಕೊಳ್ಳುವುದು ವೈಜ್ಞಾನಿಕ ಕ್ರಮ. ಯಾವ ಯಂತ್ರಕ್ಕಾದರೂ ಅನ್ವಯಿಸುವ ಈ ಕ್ರಮವನ್ನು ಒಂದು ಆಟದ ಸಾಧನದ ಮೂಲಕ ನೋಡೋಣ.

1980ರ ದಶಕದಲ್ಲಿ ಮನೆಗಳಲ್ಲಿ ಇಟ್ಟುಕೊಳ್ಳಬಹುದಾದ ಚಿಕ್ಕ ಕಂಪ್ಯೂಟರುಗಳು ಪ್ರಸಿದ್ಧಿಗೆ ಬಂದವು. 1981ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೋ, 1982ರಲ್ಲಿ ಅಲ್ಲಿಯದೇ ಆದ ಸ್ಪೆಕ್ಟ್ರಮ್ ಹಾಗೂ ಅಮೆರಿಕದ ಕಮೊಡೋರ್ 64 ಹೊರಬಂದವು. ಭಾರತ ಸರ್ಕಾರವು 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ದೇಶದ ಸುಮಾರು 250 ಶಾಲೆಗಳಿಗೆ ಒದಗಿಸಿತು. ಈ ಬಗೆಯ ಕಂಪ್ಯೂಟರುಗಳಲ್ಲಿ ಆಟವಾಡಲು ಜಾಯ್‌ಸ್ಟಿಕ್ ಎಂಬ ಕೋಲನ್ನು ಬಳಸುತ್ತಿದ್ದರು. ಕೋಲನ್ನು ಯಾವ ಕಡೆಗೆ ಬಾಗಿಸಿದರೆ ಪರದೆಯ ಮೇಲಿನ ಗೊಂಬೆ ಆ ಕಡೆಗೆ ಚಲಿಸುತ್ತದೆ.

ಕಮೊಡೋರ್ 64ರಲ್ಲಿ ಬಳಸುವ ಸಾಮಾನ್ಯ ಜಾಯ್‌ಸ್ಟಿಕ್ಕಿನ ರಚನೆ ಬಹು ಸರಳ. ಕೋಲಿನ ನಾಲ್ಕು ಕಡೆಗೆ ನಾಲ್ಕು ಸ್ವಿಚ್ಚುಗಳು, ಗುಂಡಿಗೆ ಒಂದು, ಹೀಗೆ ಒಟ್ಟು ಐದು ಸ್ವಿಚ್ಚುಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ತಂತಿ. ಐದಕ್ಕೂ ಸೇರಿ ಸಾಮಾನ್ಯವಾದ ಆರನೆಯ ತಂತಿ ಒಂದು. ಈ ರಚನೆಯನ್ನು ಅರಿತವನಿಗೆ ದೋಷದ ಲಕ್ಷಣವೇ ದಾರಿ ತೋರಿಸುತ್ತದೆ. ಎಡಕ್ಕೆ ಮಾತ್ರ ಚಲನೆ ಇಲ್ಲದಿದ್ದರೆ ಆ ಸ್ವಿಚ್ಚಿಗೆ ಧೂಳು ಕಟ್ಟಿರಬಹುದು, ಇಲ್ಲವೆ ಅದರ ತಂತಿ ತುಂಡಾಗಿರಬಹುದು. ಯಾವ ದಿಕ್ಕೂ ಗುಂಡಿಯೂ ಕೆಲಸ ಮಾಡದಿದ್ದರೆ ಸಾಮಾನ್ಯ ತಂತಿಯನ್ನು ಸಂಶಯಿಸಬೇಕು. ಗೊಂಬೆ ತಾನಾಗಿಯೇ ಒಂದು ಕಡೆಗೆ ಓಡುತ್ತಿದ್ದರೆ ಆ ಕಡೆಯ ಸ್ವಿಚ್ಚು ಅಂಟಿಕೊಂಡಿರಬಹುದು.

ಆದರೆ ಕೋಲನ್ನು ಬಿಚ್ಚುವ ಮೊದಲು ಸುಲಭವಾದ ಪರೀಕ್ಷೆಗಳನ್ನು ಮುಗಿಸಬೇಕು. ಕಮೊಡೋರ್ 64ರಲ್ಲಿ ಜಾಯ್‌ಸ್ಟಿಕ್ಕಿಗೆ ಎರಡು ಕಿಂಡಿಗಳಿವೆ. ಅನೇಕ ಆಟಗಳು ಎರಡನೆಯದನ್ನು ಮಾತ್ರ ಗಮನಿಸುತ್ತವೆ. ಮೊದಲನೆಯದು ಕೀಲಿಮಣೆಯೊಡನೆ ತಂತಿಗಳನ್ನು ಹಂಚಿಕೊಂಡಿರುವುದರಿಂದ, ಅಲ್ಲಿ ಕೋಲನ್ನು ಅಲುಗಿಸಿದರೆ ಪರದೆಯ ಮೇಲೆ ಅಕ್ಷರಗಳು ಮೂಡುವುದುಂಟು. ಅದು ದೋಷವಲ್ಲ, ಯಂತ್ರದ ಸ್ವಭಾವ. ಮೂಲ ಸ್ಪೆಕ್ಟ್ರಮ್ಮಿನಲ್ಲಿಯಾದರೋ ಇಂತಹ ಕಿಂಡಿಯೇ ಇಲ್ಲ. ಪ್ರತ್ಯೇಕ ಉಪಕರಣವನ್ನು ಜೋಡಿಸಿ, ಅದು ಯಾವ ಬಗೆಯದೆಂಬುದನ್ನು ಆಟದ ಆರಂಭದಲ್ಲಿ ಸೂಚಿಸಬೇಕಾಗುತ್ತಿತ್ತು. ಇವೆಲ್ಲ ಸರಿಯಿದ್ದರೆ ಬೇರೊಂದು ಆಟವನ್ನು, ಆಮೇಲೆ ಬೇರೊಂದು ಕೋಲನ್ನು ಪ್ರಯೋಗಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಮ್ಮೆಗೇ ಬದಲಿಸಿದರೆ ದೋಷವು ಯಾವುದರಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ.

ಅಂಕಿಗಳಿಂದಲೂ ನಿರ್ಣಯಿಸಬಹುದು. ಕಮೊಡೋರ್ 64ರಲ್ಲಿ 56320ನೆಯ ಸ್ಥಾನದ ಬೆಲೆಯನ್ನು ಮತ್ತೆ ಮತ್ತೆ ಓದಿ ತೋರಿಸುವ ಒಂದೇ ಸಾಲಿನ ಪ್ರೋಗ್ರಾಮನ್ನು ಬರೆದರೆ ಎರಡನೆಯ ಕಿಂಡಿಯ ಸ್ಥಿತಿ ತಿಳಿಯುತ್ತದೆ. ಕೋಲನ್ನು ಮುಟ್ಟದಿದ್ದಾಗ 127, ಮೇಲಕ್ಕೆ ಬಾಗಿಸಿದಾಗ 126, ಕೆಳಕ್ಕೆ 125, ಎಡಕ್ಕೆ 123, ಬಲಕ್ಕೆ 119, ಗುಂಡಿ ಒತ್ತಿದಾಗ 111 ಕಾಣಬೇಕು. ಅಂಕಿಗಳು ಸರಿಯಾಗಿ ಬಂದರೆ ಕೋಲೂ ಕಿಂಡಿಯೂ ನಿರ್ದೋಷಿಗಳು. ಕಾರಣವನ್ನು ಆಟದಲ್ಲಿಯೇ ಅರಸಬೇಕು. ಅಂಕಿ ಬದಲಾಗದಿದ್ದರೆ, ಸರಿಯಿರುವ ಇನ್ನೊಂದು ಕೋಲಿನಿಂದ ಅದೇ ಪರೀಕ್ಷೆಯನ್ನು ಮಾಡಬೇಕು. ಆಗಲೂ ಬದಲಾಗದಿದ್ದರೆ ಮಾತ್ರ ಕಂಪ್ಯೂಟರಿನ ಒಳಭಾಗವನ್ನು ಸಂಶಯಿಸುವುದು ನ್ಯಾಯ. ಕೋಲನ್ನು ಬಿಚ್ಚಿ ಶುಚಿಗೊಳಿಸುವುದಾದರೆ ಮೊದಲು ಯಂತ್ರವನ್ನು ಆರಿಸಿ, ಕೋಲನ್ನು ಕಿಂಡಿಯಿಂದ ತೆಗೆದಿಡಬೇಕು.

ಅಂದಿನ ಕಂಪ್ಯೂಟರೊಂದು ಹಾಳಾದರೆ ಅಂತಹದೇ ಇನ್ನೊಂದು ಸುಲಭವಾಗಿ ದೊರೆಯಲಾರದು. ಒಂದು ತಂತಿ ತುಂಡಾದ ಕಾರಣಕ್ಕೆ ಇಡೀ ಯಂತ್ರವನ್ನು ಗುಜರಿಗೆ ಹಾಕಿದರೆ ನಷ್ಟವಾಗುವುದು ಯಂತ್ರವೊಂದೇ ಅಲ್ಲ, ಅದರಿಂದ ಕಲಿಯಬಹುದಾಗಿದ್ದ ವಿದ್ಯೆಯೂ ನಷ್ಟವಾಗುತ್ತದೆ. ಯಂತ್ರ ಕೆಟ್ಟಾಗ ‘ಯಾರು ಕೆಡಿಸಿದರು?’ ಎಂದು ಮೊದಲು ಕೇಳುವುದು ನಮ್ಮ ರೂಢಿ. ಆ ಪ್ರಶ್ನೆಗೆ ಹೆದರಿದ ಬಾಲಕನು ಯಂತ್ರದ ಬಳಿಗೆ ಮತ್ತೆ ಸುಳಿಯುವುದಿಲ್ಲ. ‘ಎಲ್ಲಿ ಕೆಟ್ಟಿದೆ?’ ಎಂದು ಕೇಳಿದರೆ ಅವನೇ ಅದನ್ನು ಹುಡುಕಲು ತೊಡಗುತ್ತಾನೆ.