ಹೊಟ್ಟೆಯೊಳಗಿನ ನೀರುಗುಳ್ಳೆ

ಅಕ್ಕಂದಿರೇ, ಈ ಪಾಠ ಹುಟ್ಟಿದ್ದು ಭದ್ರಾವತಿಯ ನಮ್ಮ ಸಂಜೆ ತರಗತಿಯಲ್ಲಿ.

ಒಂದು ದಿನ ಒಬ್ಬ ಅಕ್ಕ ಪುಸ್ತಕದ ಬದಲು ದೊಡ್ಡದೊಂದು ಕವರು ಹಿಡಿದು ಬಂದರು. ಮೂವತ್ತೆರಡು ವರ್ಷ. ಎರಡು ಮಕ್ಕಳ ತಾಯಿ. ಕವರಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು. "ಹೊಟ್ಟೇಲಿ ಗಡ್ಡೆ ಇದೆಯಂತೆ ಮೇಡಂ. ಗರ್ಭಕೋಶ ತೆಗೆಸಿಬಿಡು, ನಾಳೆ ಕ್ಯಾನ್ಸರ್ ಆದ್ರೆ ಎಂತ ಮಾಡ್ತೀ ಅಂತಾರೆ ಎಲ್ರೂ" ಎಂದರು. ಕಿವಿಯಲ್ಲಿ ಓಲೆ ಇರಲಿಲ್ಲ. ಆಪರೇಷನ್ ಖರ್ಚಿಗೆ ಆಗಲೇ ಅಡ ಇಟ್ಟಾಗಿತ್ತು.

ರಿಪೋರ್ಟ್ ಇಂಗ್ಲಿಷಿನಲ್ಲಿತ್ತು. ಅಕ್ಷರ ತಿಳಿಯದಿದ್ದರೇನು, ಅಂಕಿ ತಿಳಿಯುತ್ತದಲ್ಲ! ಅಕ್ಕ ಬೆರಳಿಟ್ಟು ಓದಿದರು: 4.2. ನಾಲ್ಕು ಪಾಯಿಂಟ್ ಎರಡು ಸೆಂಟಿಮೀಟರ್. ನಾವು ಸ್ಕೇಲ್ ಇಟ್ಟು ಬೋರ್ಡಿನ ಮೇಲೆ ಅಷ್ಟುದ್ದ ಗೆರೆ ಎಳೆದೆವು. ಒಂದು ನಿಂಬೆಹಣ್ಣಿನಷ್ಟು. "ಇಷ್ಟೇನಾ? ನಾನು ತೆಂಗಿನಕಾಯಿ ಅಂದ್ಕೊಂಡಿದ್ದೆ" ಎಂದರು ಅಕ್ಕ.

ನಾವು ಮೇಷ್ಟ್ರುಗಳು, ಡಾಕ್ಟರಲ್ಲ. ಅವರನ್ನು ಕರೆದುಕೊಂಡು ಶಿವಮೊಗ್ಗದ ಒಬ್ಬ ಸ್ತ್ರೀರೋಗ ವೈದ್ಯೆಯ ಹತ್ತಿರ ಹೋದೆವು. ಅಲ್ಲಿ ಕೇಳಿ ತಿಳಿದದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ಹೊಟ್ಟೆಯ ಕೆಳಭಾಗದಲ್ಲಿ ಗರ್ಭಕೋಶ ಇದೆ. ಅದರ ಎಡಕ್ಕೊಂದು, ಬಲಕ್ಕೊಂದು ಅಂಡಾಶಯ. ಒಂದೊಂದೂ ಸುಲಿಯದ ಸಣ್ಣ ಅಡಿಕೆಯಷ್ಟು ದೊಡ್ಡದು. ಮುಟ್ಟಾಗುವ ಹೆಂಗಸಿನ ಅಂಡಾಶಯದಲ್ಲಿ ತಿಂಗಳಿಗೊಮ್ಮೆ ಒಂದು ಪುಟ್ಟ ನೀರಿನ ಚೀಲ ಬೆಳೆಯುತ್ತದೆ. ಅದರೊಳಗೆ ಅಂಡ ಇರುತ್ತದೆ. ಚೀಲ ಸುಮಾರು 2 ಸೆಂಟಿಮೀಟರ್ ಆದಾಗ ಒಡೆದು ಅಂಡ ಹೊರಗೆ ಬರುತ್ತದೆ. ಕೆಲವು ತಿಂಗಳು ಚೀಲ ಒಡೆಯುವುದಿಲ್ಲ. ನೀರು ತುಂಬಿಕೊಂಡು ಇನ್ನೂ ದೊಡ್ಡದಾಗುತ್ತದೆ. ಇದೇ ನೀರುಗುಳ್ಳೆ. ಡಾಕ್ಟರು ಇದಕ್ಕೆ ಸಿಸ್ಟ್ ಎನ್ನುತ್ತಾರೆ. ಇಂಥ ಗುಳ್ಳೆ ಹೆಚ್ಚಿನಂಶ ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ತಾನಾಗಿ ಇಳಿದುಹೋಗುತ್ತದೆ. ಮಾತ್ರೆಯೂ ಬೇಡ, ಕತ್ತರಿಯೂ ಬೇಡ.

ಬೇರೆ ಥರದವೂ ಇವೆ. ಒಂದರಲ್ಲಿ ಹಳೆಯ ರಕ್ತ ತುಂಬಿರುತ್ತದೆ. ಇನ್ನೊಂದರಲ್ಲಿ ಕೊಬ್ಬು, ಕೂದಲು, ಹಲ್ಲು ಕೂಡ ಇರುತ್ತದೆ. ಗಾಬರಿ ಬೇಡ, ಅದು ಮಾಟವಲ್ಲ. ಹುಟ್ಟಿನಿಂದ ಅಲ್ಲಿದ್ದ ಜೀವಕಣಗಳೇ ಹಾಗೆ ಬೆಳೆದಿರುತ್ತವೆ. ಇವು ತಾವಾಗಿ ಹೋಗುವುದು ಕಡಿಮೆ. ಕೆಲವೇ ಕೆಲವು ಗುಳ್ಳೆಗಳು ಕ್ಯಾನ್ಸರ್ ಆಗಿರುತ್ತವೆ.

ಯಾವುದು ಯಾವುದೆಂದು ಹೇಗೆ ಗೊತ್ತಾಗುತ್ತದೆ? ಅದಕ್ಕೇ ಸ್ಕ್ಯಾನಿಂಗ್. ಬಸುರಿಯಾಗಿದ್ದಾಗ ನೀವು ಮಾಡಿಸಿದ್ದೀರಲ್ಲ, ಅದೇ ಯಂತ್ರ. ಭದ್ರಾವತಿ ಕಬ್ಬಿಣದ ಊರು. ಇಲ್ಲಿ 1923ರಿಂದ ಕಬ್ಬಿಣ ಕರಗಿಸಿದ್ದಾರೆ. ಹಾಗಾಗಿ ಈ ಯಂತ್ರದ ಕಥೆ ನಮ್ಮ ಊರಿನವರಿಗೆ ಬೇಗ ಹಿಡಿಸುತ್ತದೆ. ಉಕ್ಕಿನ ತಟ್ಟೆಯೊಳಗೆ ಬಿರುಕಿದೆಯಾ ಎಂದು ನೋಡಲು ಕಾರ್ಖಾನೆಯವರು ಶಬ್ದದ ಅಲೆ ಬಿಡುತ್ತಿದ್ದರು. ನಮ್ಮ ಕಿವಿಗೆ ಕೇಳದಂಥ ಶಬ್ದ. ಬಾವಿಯೊಳಗೆ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಹಾಗೆ ಬಿರುಕಿಗೆ ತಗುಲಿ ಶಬ್ದ ತಿರುಗಿ ಬರುತ್ತಿತ್ತು. 1955ರಲ್ಲಿ ಸ್ಕಾಟ್ಲೆಂಡ್ ದೇಶದ ಡಾಕ್ಟರ್ ಇಯಾನ್ ಡೊನಾಲ್ಡ್ ಎಂಬವರು ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಅಂಥ ಕಾರ್ಖಾನೆಗೆ ಹೋದರು. ನೀರುಗುಳ್ಳೆಯ ಶಬ್ದ ಬೇರೆ, ಗಟ್ಟಿ ಗಡ್ಡೆಯ ಶಬ್ದ ಬೇರೆ ಎಂದು ಕಂಡುಕೊಂಡರು. ಆಮೇಲೆ ಒಬ್ಬ ಹೆಂಗಸಿಗೆ ಈ ಪರೀಕ್ಷೆ ಮಾಡಿದರು. ಹೊಟ್ಟೆಯ ಕ್ಯಾನ್ಸರು, ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದ ಹೆಂಗಸು. ಯಂತ್ರ ತೋರಿಸಿದ್ದು ದೊಡ್ಡ ನೀರುಗುಳ್ಳೆ! ಅದನ್ನು ತೆಗೆದರು, ಆಕೆ ಬದುಕಿದರು. ಇದನ್ನೆಲ್ಲ ಡೊನಾಲ್ಡ್ 1958ರಲ್ಲಿ ಬರೆದು ಪ್ರಕಟಿಸಿದರು.

ಆದರೆ ಒಂದು ಮಾತು. ಸ್ಕ್ಯಾನಿಂಗ್ ತೋರಿಸುವುದು ನೆರಳನ್ನು. ಎಷ್ಟು ದೊಡ್ಡದು, ಒಳಗೆ ನೀರಾ ಗಟ್ಟಿಯಾ, ಗೋಡೆ ತೆಳುವಾ ದಪ್ಪವಾ, ಇಷ್ಟು ಹೇಳುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಅದು ಖಡಾಖಂಡಿತವಾಗಿ ಹೇಳಲಾರದು. ಆ ಮಾತು ಹೇಳುವುದು ಗುಳ್ಳೆಯನ್ನು ತೆಗೆದು, ತುಂಡು ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರು.

ಒಂದು ರಕ್ತ ಪರೀಕ್ಷೆಯೂ ಇದೆ. ಅದರ ಹೆಸರು ಸಿಎ-125. ಸಾಮಾನ್ಯವಾಗಿ 35ರ ಒಳಗಿರಬೇಕು ಎನ್ನುತ್ತಾರೆ. ಹೆಚ್ಚು ಬಂತು ಅಂತ ಎದೆ ಒಡೆದುಕೊಳ್ಳಬೇಡಿ. ಮುಟ್ಟಾಗಿದ್ದರೂ ಹೆಚ್ಚುತ್ತದೆ. ಬಸುರಿಯಾಗಿದ್ದರೂ ಹೆಚ್ಚುತ್ತದೆ. ಹೊಟ್ಟೆಯ ಟಿಬಿ ಇದ್ದರಂತೂ ಬಹಳ ಹೆಚ್ಚುತ್ತದೆ. ಟಿಬಿಗೆ ಮಾತ್ರೆ ಇದೆ. ಇನ್ನೊಂದು ಕಡೆ, ಆಗತಾನೆ ಶುರುವಾದ ಅಂಡಾಶಯದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ಈ ಲೆಕ್ಕ ಸರಿಯಾಗಿಯೇ ಇರುತ್ತದೆ. ಹಾಗಾದರೆ ಎಲ್ಲರೂ ವರ್ಷ ವರ್ಷ ಪರೀಕ್ಷೆ ಮಾಡಿಸಿದರೆ ಒಳ್ಳೆಯದಲ್ಲವೇ? ಬ್ರಿಟನ್ನಿನಲ್ಲಿ ಎರಡು ಲಕ್ಷ ಹೆಂಗಸರನ್ನು ಸೇರಿಸಿ ಇದನ್ನು ನೋಡಿದರು. 2021ರಲ್ಲಿ ಫಲಿತಾಂಶ ಬಂತು. ತೊಂದರೆ ಇಲ್ಲದವರಿಗೆ ಹೀಗೆ ಪರೀಕ್ಷೆ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ.

ಈಗ ನಮ್ಮ ಅಕ್ಕನ ವಿಷಯ. ಗುಳ್ಳೆ ಇರುವುದು ಅಂಡಾಶಯದಲ್ಲಿ. ಗರ್ಭಕೋಶ ತೆಗೆದರೆ ಗುಳ್ಳೆ ಹೋದೀತೇ? ಎಡಗಾಲಿಗೆ ಮುಳ್ಳು ಚುಚ್ಚಿದರೆ ಬಲಗಾಲು ಕುಯ್ದ ಹಾಗೆ. ಇನ್ನು ಚಿಕ್ಕ ವಯಸ್ಸಿಗೇ ಎರಡೂ ಅಂಡಾಶಯ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಷ್ಟೋ ಹೆಂಗಸರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಇಂಥ ಆಪರೇಷನ್ ತಡೆಯುವ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ವೈದ್ಯೆ ನಮ್ಮ ಅಕ್ಕನಿಗೆ ಹೇಳಿದ್ದು ಇಷ್ಟೇ: "ಬರೀ ನೀರಿದೆ, 5 ಸೆಂಟಿಮೀಟರಿಗಿಂತ ಕಡಿಮೆ ಇದೆ. ಮೂರು ತಿಂಗಳು ಬಿಟ್ಟು, ಮುಟ್ಟು ನಿಂತ ಕೂಡಲೆ ಇನ್ನೊಮ್ಮೆ ನೋಡೋಣ." ಆ ಮೂರು ತಿಂಗಳು ಕಾಯುವುದು ಸುಲಭವಿರಲಿಲ್ಲ. ದಿನಾ ಕ್ಯಾಲೆಂಡರ್ ನೋಡುತ್ತಿದ್ದರು. ಎರಡನೇ ರಿಪೋರ್ಟಿನಲ್ಲಿ 4.2 ಇರಲಿಲ್ಲ. ಗುಳ್ಳೆಯೇ ಇರಲಿಲ್ಲ. ಓಲೆ ಬಿಡಿಸಿಕೊಂಡರು, ಬಡ್ಡಿ ಮಾತ್ರ ದಂಡ.

ಇನ್ನೊಬ್ಬರ ಕಥೆ ಹೀಗಾಗಲಿಲ್ಲ. ಅವರಿಗೆ ಐವತ್ತೆಂಟು. ಮುಟ್ಟು ನಿಂತು ಎಂಟು ವರ್ಷ. ಎರಡು ತುತ್ತು ಉಂಡರೆ ಹೊಟ್ಟೆ ತುಂಬುತ್ತಿತ್ತು. ಸೀರೆ ಬಿಗಿಯಾಗುತ್ತಿತ್ತು. ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರು. "ಆರು ತಿಂಗಳ ಹಿಂದೆ ಸ್ಕ್ಯಾನಿಂಗ್ ಆಗಿದೆ, ಏನೂ ಇಲ್ಲ ಅಂದಿದಾರೆ" ಎನ್ನುತ್ತಿದ್ದರು. ನಾವೂ "ಗ್ಯಾಸ್ ಇರಬೇಕು" ಎಂದುಬಿಟ್ಟೆವು. ಹಾಗೆ ಹೇಳಬಾರದಿತ್ತು. ಮತ್ತೆ ಸ್ಕ್ಯಾನಿಂಗ್ ಮಾಡಿದಾಗ ಗುಳ್ಳೆ ಇತ್ತು, ಒಳಗೆ ಗಟ್ಟಿ ಭಾಗವೂ ಇತ್ತು. ಆಪರೇಷನ್ ಆಯಿತು. ಕ್ಯಾನ್ಸರ್ ಎಂದು ಬಂತು. ಈಗ ಔಷಧಿ ನಡೆಯುತ್ತಿದೆ. ತಲೆಗೆ ಸೆರಗು ಹೊದ್ದು ತರಗತಿಗೆ ಬರುತ್ತಾರೆ. ಬರುವ ತಿಂಗಳ ಔಷಧಿಯ ತಾರೀಕನ್ನು ತಾವೇ ಬರೆದುಕೊಳ್ಳುತ್ತಾರೆ.

ಹೊಟ್ಟೆಯ ಕೆಳಗೆ ಒಂದು ಕಡೆ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಬಂದರೆ ಗುಳ್ಳೆ ಇರುವ ಅಂಡಾಶಯ ತಿರುಚಿಕೊಂಡಿರಬಹುದು. ಮುಟ್ಟು ತಪ್ಪಿ ಹೀಗಾದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಎರಡಕ್ಕೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ ಡಾಕ್ಟರಿಗೆ ತೋರಿಸಿ.

ಬರೆಯಿರಿ

ನಿಮ್ಮ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ನಾಳೆ ತರಗತಿಗೆ ತನ್ನಿ. ಅದರಲ್ಲಿ ತಾರೀಕು ಎಲ್ಲಿದೆ ಹುಡುಕಿ. ಸೆಂಟಿಮೀಟರ್ ಲೆಕ್ಕ ಎಲ್ಲಿದೆ ಹುಡುಕಿ. ಸ್ಕೇಲ್ ಹಿಡಿದು ಅಷ್ಟುದ್ದ ಗೆರೆ ಎಳೆಯಿರಿ. ಅದರ ಕೆಳಗೆ ನಿಮ್ಮ ಕಳೆದ ಮುಟ್ಟಿನ ತಾರೀಕು ಬರೆಯಿರಿ. ಡಾಕ್ಟರನ್ನು ಕೇಳಬೇಕಾದ ಒಂದು ಪ್ರಶ್ನೆ ಬರೆಯಿರಿ.